ಬಡಾವಣೆಯ ಶಕ್ತಿಲೆಕ್ಕಕ್ಕೆ ಸಿಟಿ ಎನರ್ಜಿ ಅನಲಿಸ್ಟ್: ಒಂದು ವಿಮರ್ಶೆ

ಬಡಾವಣೆಯೊಂದು ತಾನು ಬಳಸುವಷ್ಟು ಶಕ್ತಿಯನ್ನು ತಾನೇ ಉತ್ಪಾದಿಸುತ್ತದೆ ಎಂದು ಫಲಕ ಹಾಕುವುದು ಸುಲಭ. ಅದನ್ನು ಲೆಕ್ಕ ಹಾಕಿ ತೋರಿಸುವುದು ಕಷ್ಟ. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಇಟಿಎಚ್ ಜ್ಯೂರಿಕ್‌ನಲ್ಲಿ ಹುಟ್ಟಿ, ಸಿಂಗಪುರದಲ್ಲಿರುವ ಅದರ ಸಂಶೋಧನಾ ಕೇಂದ್ರದಲ್ಲಿಯೂ ಬೆಳೆದ ಸಿಟಿ ಎನರ್ಜಿ ಅನಲಿಸ್ಟ್ ಈ ಕೆಲಸಕ್ಕೆಂದೇ ಇರುವ, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ.

ಇದರ ನಿಜವಾದ ಬಲವಿರುವುದು ಗಂಟೆವಾರು ಲೆಕ್ಕದಲ್ಲಿ. ವರ್ಷದ 8,760 ಗಂಟೆಗಳಿಗೂ ಪ್ರತಿ ಕಟ್ಟಡದ ತಂಪು, ಬಿಸಿ, ಬೆಳಕು ಮತ್ತು ಉಪಕರಣಗಳ ಬೇಡಿಕೆಯನ್ನು ಬೇರೆ ಬೇರೆಯಾಗಿ ಅಂದಾಜಿಸುವ ಈ ತಂತ್ರಾಂಶ, ಅಕ್ಕಪಕ್ಕದ ಕಟ್ಟಡಗಳ ನೆರಳನ್ನೂ ಗಣನೆಗೆ ತೆಗೆದುಕೊಂಡು ಚಾವಣಿ ಹಾಗೂ ಗೋಡೆಗಳ ಮೇಲೆ ಬೀಳುವ ಬಿಸಿಲಿನಿಂದ ಸಿಗಬಹುದಾದ ವಿದ್ಯುತ್ತನ್ನು ಲೆಕ್ಕ ಹಾಕುತ್ತದೆ. ವರ್ಷದ ಮೊತ್ತದಲ್ಲಿ ಸರಿದೂಗಿದಂತೆ ಕಾಣುವ ಬಡಾವಣೆಯು ಮಧ್ಯಾಹ್ನ ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ತಳ್ಳಿ, ಸಂಜೆ 7ರ ಹೊತ್ತಿಗೆ ಅದೇ ಗ್ರಿಡ್‌ನ ಮುಂದೆ ಕೈಚಾಚುವುದು ಇಂಥ ಗಂಟೆವಾರು ಪಟ್ಟಿಯಲ್ಲಿ ಮಾತ್ರ ಬಯಲಾಗುತ್ತದೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಕಟ್ಟಡಗಳ ಹೊರರೇಖೆಯನ್ನು ಅಂತರ್ಜಾಲದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನೇರವಾಗಿ ಪಡೆಯಬಹುದು. ಆದರೆ ಜೊತೆಗೆ ಬರುವ ದತ್ತಸಂಚಯಗಳು ಮುಖ್ಯವಾಗಿ ಸ್ವಿಟ್ಜರ್ಲೆಂಡ್ ಮತ್ತು ಸಿಂಗಪುರದವಾದ್ದರಿಂದ, ಬೆಂಗಳೂರಿನ ಬಡಾವಣೆಗೆ ಇದನ್ನು ಬಳಸುವವರು ಗೋಡೆಯ ರಚನೆ, ಕಿಟಕಿಯ ಗಾಜು, ಫ್ಯಾನು ಮತ್ತು ಎಸಿಗಳ ಬಳಕೆಯ ವೇಳೆ ಇವನ್ನೆಲ್ಲ ತಾವೇ ತಿದ್ದಬೇಕು. ಹಾಗೆಯೇ ಬಿಟ್ಟರೆ ಬರುವ ಅಂಕಿಗಳು ಅಂದವಾಗಿದ್ದರೂ ನಮ್ಮ ಊರಿನವಲ್ಲ. ಇನ್ನು, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರಿಗೆ ತಗಲುವ ವಿದ್ಯುತ್ತು ಕಟ್ಟಡಗಳ ಈ ಲೆಕ್ಕದ ಹೊರಗೇ ಉಳಿಯುತ್ತದೆ. ಅದನ್ನು ಪ್ರತ್ಯೇಕವಾಗಿ ಕೂಡಿಸಿಕೊಳ್ಳಬೇಕು.