ಮಾಟುಂಗಾದಲ್ಲಿ ನಾಲ್ಕು ಭಾನುವಾರ: ದೇಶಗಳ ಸಾಲದ ಕುರಿತ ಉಪನ್ಯಾಸ ಮಾಲೆಯ ಬಗ್ಗೆ

ಮಾಟುಂಗಾ ಪೂರ್ವದಲ್ಲಿರುವ ಕನ್ನಡ ಸಂಘವೊಂದು ತನ್ನ ಮಹಡಿಯ ಸಭಾಂಗಣದಲ್ಲಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಗೆ ನಾಲ್ಕು ಭಾನುವಾರಗಳೂ ತಪ್ಪದೆ ಹೋಗಿ ಬಂದಿದ್ದೇನೆ. ವಿಷಯ, ದಿವಾಳಿಯ ಅಂಚಿಗೆ ಬಂದ ದೇಶಗಳು, ಅವುಗಳಿಗೆ ಸಾಲ ಕೊಟ್ಟ ವಿದೇಶಿಯರು ಮತ್ತು ಆ ಸಾಲವನ್ನು ತೀರಿಸಬೇಕೆ ಬೇಡವೇ ಎಂದು ಆ ದೇಶಗಳ ಒಳಗೆ ನಡೆದ ರಾಜಕೀಯ ಜಗಳ. ಶುಲ್ಕ 600 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. ಅದರಲ್ಲೇ ಜೆರಾಕ್ಸ್ ಮಾಡಿಸಿ ಸುರುಳಿ ಕಟ್ಟಿದ ಟಿಪ್ಪಣಿ ಪುಸ್ತಕವೊಂದು ಮತ್ತು ನಡುವೆ ಕಾಫಿ. ಫೋರ್ಟಿನ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಇಡೀ ಸೇವಾವಧಿಯನ್ನು ಕಳೆದು ನಿವೃತ್ತಳಾದ ನನಗೆ ಈ ವಿಷಯ ಪತ್ರಿಕೆಯಲ್ಲಿ ಓದಿ ಮಡಚಿಡುವಂಥದ್ದಲ್ಲ. ಡೊಂಬಿವಲಿಯಿಂದ ಪ್ರತಿ ವಾರ ಹೊರಟು ಬಂದದ್ದು ಆ ಕಾರಣಕ್ಕೆ.

ಮೊದಲ ದಿನ ಉಪನ್ಯಾಸಕರು ಆರಂಭಿಸಿದ್ದು ಒಂದು ಕನ್ನಡ ಪದದಿಂದ. ಅವರು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು, ಕನ್ನಡವನ್ನು ಅಳೆದು ತೂಗಿ ಆಡುವವರು. ‘ಸಾಲಗಾರ’ ಎಂದರೆ ಸಾಲ ತೆಗೆದುಕೊಂಡವನೋ, ಕೊಟ್ಟವನೋ ಎಂದು ಸಭೆಯನ್ನು ಕೇಳಿದರು. ಅರ್ಧದಷ್ಟು ಜನ ಒಂದು ಉತ್ತರ ಹೇಳಿದರೆ ಉಳಿದವರು ಇನ್ನೊಂದು ಹೇಳಿದರು, ಮತ್ತು ಎರಡೂ ಸರಿಯಾಗಿದ್ದವು. ‘ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ’ ಎನ್ನುವಾಗ ಅದು ಕೊಟ್ಟವನನ್ನು ಸೂಚಿಸುತ್ತದೆ, ‘ಅವನು ದೊಡ್ಡ ಸಾಲಗಾರ’ ಎನ್ನುವಾಗ ತೆಗೆದುಕೊಂಡವನನ್ನು. ಒಂದೇ ದೇಶ ಒಂದು ತಲೆಮಾರಿನಲ್ಲಿ ಒಂದು ಅರ್ಥದ ಸಾಲಗಾರನಾಗಿ, ಮುಂದಿನ ತಲೆಮಾರಿನಲ್ಲಿ ಇನ್ನೊಂದು ಅರ್ಥದ ಸಾಲಗಾರನಾಗಬಹುದು ಎಂದು ಹೇಳಿ ಅವರು 1991ರ ಭಾರತಕ್ಕೆ ಬಂದರು.

ಆ ವರ್ಷದ ಕತೆ ಈ ನಗರದ್ದೇ ಕತೆ. ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಚಂದ್ರಶೇಖರ್ ಅವರ ಸರ್ಕಾರ ಬಹುಮತ ಕಳೆದುಕೊಂಡು ಉಸ್ತುವಾರಿಯಾಗಿ ಉಳಿದಿದ್ದಾಗ, ಚುನಾವಣೆಯ ನಡುವೆಯೇ, ಮೇ ತಿಂಗಳಲ್ಲಿ 20 ಟನ್ ಚಿನ್ನ ಮರಳಿ ಕೊಳ್ಳುವ ಷರತ್ತಿನ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಾಟವಾಯಿತು. ಜುಲೈನಲ್ಲಿ, ಪಿ.ವಿ. ನರಸಿಂಹ ರಾವ್ ಅವರ ಸರ್ಕಾರ ಬಂದ ಮೇಲೆ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಾಗಿ ಹೋಯಿತು. ಅದಕ್ಕೆ ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ದಕ್ಷಿಣ ಮುಂಬೈಯ ಖಜಾನೆಯಿಂದ ಸಹಾರ್ ವಿಮಾನ ನಿಲ್ದಾಣದವರೆಗೆ ಆ ಚಿನ್ನ ಸಾಗಿದ ದಾರಿಯನ್ನು ಉಪನ್ಯಾಸಕರು ವಿವರಿಸುತ್ತಿದ್ದಾಗ ಸಭಾಂಗಣದಲ್ಲಿ ಪಿಸುಮಾತೂ ಇರಲಿಲ್ಲ. ಎರಡು ಸರ್ಕಾರಗಳು, ಎರಡು ಪಕ್ಷಗಳು, ಆದರೆ ಮಾಡಿದ್ದು ಒಂದೇ ಕೆಲಸ ಎಂಬುದನ್ನು ಅವರು ಯಾರನ್ನೂ ನಿಂದಿಸದೆ ತೋರಿಸಿಕೊಟ್ಟರು.

ನನಗೆ ಆ ದಿನಗಳು ಬೇರೆ ರೀತಿಯಲ್ಲಿ ನೆನಪಿವೆ. ಆಮದಿಗೆ ಲೆಟರ್ ಆಫ್ ಕ್ರೆಡಿಟ್ (ಮಾರುವವನಿಗೆ ಹಣ ಸಲ್ಲುತ್ತದೆಂದು ಬ್ಯಾಂಕು ಕೊಡುವ ಭರವಸೆ ಪತ್ರ) ತೆರೆಯಬೇಕಾದರೆ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮಾರ್ಜಿನ್ನನ್ನು ಏಪ್ರಿಲ್ 1991ರಲ್ಲಿ ಶೇ. 200ಕ್ಕೆ ಏರಿಸಲಾಗಿತ್ತು. ಅಂದರೆ ನೂರು ರೂಪಾಯಿಯ ಸರಕು ತರಿಸಲು ಇನ್ನೂರು ರೂಪಾಯಿ ಮುಂಗಡವಾಗಿ ಇಡಬೇಕು. ಮಸ್ಜಿದ್ ಬಂದರಿನ ಸಣ್ಣ ರಾಸಾಯನಿಕ ವ್ಯಾಪಾರಿಯೊಬ್ಬರು ನನ್ನ ಮೇಜಿನ ಮುಂದೆ ಕುಳಿತು, ಅರ್ಜಿ ನಮೂನೆಯನ್ನು ಎರಡು ಸಲ ಓದಿ, ಏನೂ ಹೇಳದೆ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋಗಿದ್ದರು. ವಿದೇಶಿ ಸಾಲದ ಬಿಕ್ಕಟ್ಟು ಎಂದರೆ ನನಗೆ ಇಂದಿಗೂ ಆ ಮಡಚಿದ ಕಾಗದ. ಟಿಪ್ಪಣಿ ಪುಸ್ತಕದಲ್ಲಿ ಈ ಮಾರ್ಜಿನ್ನಿನ ಉಲ್ಲೇಖವಿಲ್ಲ. ಇರಬೇಕಿತ್ತು, ಏಕೆಂದರೆ ಬಿಕ್ಕಟ್ಟು ಸಂಸತ್ತಿನಿಂದ ಬೀದಿಗೆ ಇಳಿಯುವುದು ಇಂಥ ಸುತ್ತೋಲೆಗಳ ಮೂಲಕವೇ.

ಎರಡನೆಯ ಮತ್ತು ಮೂರನೆಯ ಭಾನುವಾರಗಳು ಗ್ರೀಸಿಗೆ ಮೀಸಲಾಗಿದ್ದವು, ಮತ್ತು ಈ ಮಾಲೆಯ ನಿಜವಾದ ಬೆಲೆ ಇರುವುದು ಅಲ್ಲಿ. 2009ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಪಾಪಾಂಡ್ರೂ ಅವರ ಸರ್ಕಾರ, ಹಿಂದಿನವರು ಹೇಳಿದ್ದಕ್ಕಿಂತ ವಿತ್ತೀಯ ಕೊರತೆ ಬಹಳ ಹೆಚ್ಚಿದೆ ಎಂದು ಬಹಿರಂಗಪಡಿಸಿದ್ದು, 2010ರ ಮೇ ತಿಂಗಳಲ್ಲಿ ಯೂರೋ ನಾಣ್ಯ ಬಳಸುವ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ (ಐಎಂಎಫ್) ಸೇರಿ 11,000 ಕೋಟಿ ಯೂರೋ ಸಾಲಕ್ಕೆ ಒಪ್ಪಿದ್ದು, ಅದಕ್ಕೆ ಬದಲಾಗಿ ಪಿಂಚಣಿ, ಸಂಬಳ, ಸರ್ಕಾರಿ ವೆಚ್ಚಗಳಿಗೆ ಕತ್ತರಿ ಬಿದ್ದದ್ದು, ನಿರುದ್ಯೋಗ 2013ರ ವೇಳೆಗೆ ಶೇ. 27ರ ಆಸುಪಾಸಿಗೆ ಏರಿದ್ದು ಎಲ್ಲವೂ ಕ್ರಮವಾಗಿ ಬಂದವು. ಅಲ್ಲಿಗೆ ಸಭೆಯಲ್ಲಿ ಜಗಳ ಶುರುವಾಯಿತು. ಸಾಯನ್‌ನಲ್ಲಿ ಹೋಟೆಲು ನಡೆಸುವ ಹಿರಿಯರೊಬ್ಬರು, ಎಲ್ಲರೂ ಶೆಟ್ರು ಎನ್ನುವವರು, ತಡೆಯಲಾಗದೆ ಎದ್ದು ನಿಂತು, “ಅಲ್ಲ ಸರ್, ಉಂಡವರು ಬಿಲ್ಲು ಕೊಡಬೇಡವೇ?” ಎಂದರು. ಹಿಂದಿನ ಸಾಲಿನಲ್ಲಿದ್ದ, ಕಾನೂನು ಓದುತ್ತಿರುವ ಹುಡುಗಿ ಕೂಡಲೇ, “ಶೆಟ್ರೇ, ಉಂಡವರು ಯಾರು, ಬಿಲ್ಲು ಬಂದದ್ದು ಯಾರ ಮೇಜಿಗೆ, ಅದೇ ಅಲ್ಲವೇ ಪ್ರಶ್ನೆ?” ಎಂದಳು.

ಉಪನ್ಯಾಸಕರು ಇಬ್ಬರಿಗೂ ಉತ್ತರ ಕೊಡಲಿಲ್ಲ. ಹಲಗೆಯ ಮೇಲೆ ಎರಡು ಚೌಕ ಬರೆದರು. ಮೊದಲನೆಯದರಲ್ಲಿ 2010ರ ಆರಂಭದ ಸ್ಥಿತಿ: ಗ್ರೀಸಿನ ಬಾಂಡುಗಳು, ಅಂದರೆ ಸರ್ಕಾರ ಮಾರಿದ ಸಾಲಪತ್ರಗಳು, ಹೆಚ್ಚಾಗಿ ಖಾಸಗಿ ಬ್ಯಾಂಕುಗಳ ಮತ್ತು ನಿಧಿಗಳ ಕೈಯಲ್ಲಿ, ಅವುಗಳಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ದೊಡ್ಡ ಬ್ಯಾಂಕುಗಳೂ ಸೇರಿ. ಎರಡನೆಯದರಲ್ಲಿ ಕೆಲವು ವರ್ಷಗಳ ನಂತರದ ಸ್ಥಿತಿ: ಸಾಲದ ಬಹುಪಾಲು ಯೂರೋ ದೇಶಗಳ ಸರ್ಕಾರಗಳ, ಅವುಗಳ ನಿಧಿಗಳ ಮತ್ತು ಐಎಂಎಫ್‌ನ ಕೈಯಲ್ಲಿ. ನೆರವಿನ ಹಣದ ದೊಡ್ಡ ಪಾಲು ಗ್ರೀಸಿನ ಮೂಲಕ ಹಾದು ಹಳೆಯ ಸಾಲ, ಬಡ್ಡಿ ಮತ್ತು ಬ್ಯಾಂಕುಗಳ ಬಂಡವಾಳಕ್ಕೇ ಹೋಯಿತು. 2012ರಲ್ಲಿ ಖಾಸಗಿ ಬಾಂಡುದಾರರು ಮುಖಬೆಲೆಯಲ್ಲಿ ಶೇ. 53.5ರಷ್ಟು ಬಿಟ್ಟುಕೊಡಬೇಕಾಯಿತು ನಿಜ, ಆದರೆ ಆ ಬಾಂಡುಗಳನ್ನು ಇಟ್ಟುಕೊಂಡಿದ್ದವರಲ್ಲಿ ಗ್ರೀಸಿನದೇ ಪಿಂಚಣಿ ನಿಧಿಗಳೂ ಇದ್ದವು. ಶೆಟ್ರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಎರಡು ಚೌಕಗಳನ್ನು ಎಚ್ಚರಿಕೆಯಿಂದ ಬರೆದುಕೊಂಡದ್ದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಸಾಲದ ಬಗ್ಗೆ ಪಕ್ಷ ವಹಿಸುವ ಮೊದಲು ಈ ಹೊತ್ತಿನಲ್ಲಿ ಅದು ಯಾರ ಕೈಯಲ್ಲಿದೆ ಎಂದು ಕೇಳಬೇಕು ಎಂಬುದನ್ನು ಇಷ್ಟು ಸರಳವಾಗಿ ಕಲಿಸಿದ ತರಗತಿಯನ್ನು ನಾನು ಕಂಡಿರಲಿಲ್ಲ.

ಮೂರನೆಯ ಭಾನುವಾರ ಅವರು 2015ರ ಜನಮತ ಸಂಗ್ರಹದ ಮತಪತ್ರವನ್ನು ಕನ್ನಡಕ್ಕೆ ಅನುವಾದಿಸಿ ಎಲ್ಲರ ಕೈಗೂ ಕೊಟ್ಟರು. ಅರ್ಧ ಪುಟದ ಕಾಗದ. ಜೂನ್ 25ರ ದಿನಾಂಕದ ಎರಡು ದಾಖಲೆಗಳ ಹೆಸರು ಅದರಲ್ಲಿದೆ, ಒಂದು ಸುಧಾರಣೆಗಳ ಪಟ್ಟಿ, ಇನ್ನೊಂದು ಸಾಲವನ್ನು ತಾಳಿಕೊಳ್ಳುವ ಸಾಮರ್ಥ್ಯದ ಪ್ರಾಥಮಿಕ ವಿಶ್ಲೇಷಣೆ. ಇವನ್ನು ಒಳಗೊಂಡ ಪ್ರಸ್ತಾವವನ್ನು ಒಪ್ಪಬೇಕೆ ಎಂಬುದು ಪ್ರಶ್ನೆ. ಕೆಳಗೆ ಎರಡು ಚೌಕಗಳು: ಮೇಲೆ ‘ಇಲ್ಲ’, ಅದರ ಕೆಳಗೆ ‘ಹೌದು’. ಪಿಂಚಣಿಗಾಗಿ ಮುಚ್ಚಿದ ಬ್ಯಾಂಕಿನ ಬಾಗಿಲಲ್ಲಿ ಕಾಯುತ್ತಿದ್ದ, ಎಟಿಎಮ್ಮಿನಿಂದ ದಿನಕ್ಕೆ 60 ಯೂರೋಗಿಂತ ಹೆಚ್ಚು ತೆಗೆಯಲಾಗದ ಜನರ ಕೈಗೆ ಈ ಕಾಗದ ಬಂದಿತ್ತು. ಅದಕ್ಕೂ ಮೊದಲೇ, ಜೂನ್ 30ರಂದು, ಹಳೆಯ ನೆರವಿನ ಅವಧಿ ಮುಗಿದು, ಐಎಂಎಫ್‌ಗೆ ಕೊಡಬೇಕಿದ್ದ ಸುಮಾರು 150 ಕೋಟಿ ಯೂರೋ ಕಂತು ತಪ್ಪಿತ್ತು. ಜುಲೈ 5ರಂದು ಶೇ. 61ಕ್ಕೂ ಹೆಚ್ಚು ಮತದಾರರು ‘ಇಲ್ಲ’ ಎಂದರು. ಮರುದಿನ ಹಣಕಾಸು ಸಚಿವ ವರುಫಾಕಿಸ್ ರಾಜೀನಾಮೆ ಕೊಟ್ಟರು. ಜುಲೈ 13ರ ಬೆಳಿಗ್ಗೆ, ರಾತ್ರಿಯಿಡೀ ನಡೆದ ಮಾತುಕತೆಯ ನಂತರ, ಪ್ರಧಾನಿ ಸಿಪ್ರಾಸ್ ಹೊಸ ನೆರವಿಗೆ ಬದಲಾಗಿ ಕಠಿಣ ಷರತ್ತುಗಳಿಗೆ ಒಪ್ಪಿದರು. ಆಗಸ್ಟಿನಲ್ಲಿ ಅಂತಿಮಗೊಂಡ ಆ ಮೂರನೆಯ ನೆರವಿನ ಮೊತ್ತ 8,600 ಕೋಟಿ ಯೂರೋವರೆಗೆ. ಸಂಸತ್ತಿನಲ್ಲಿ ಅದು ಅಂಗೀಕಾರವಾದದ್ದು ವಿರೋಧ ಪಕ್ಷಗಳ ಮತಗಳ ಆಸರೆಯಿಂದ. ಸಿಪ್ರಾಸ್ ಅವರದೇ ಪಕ್ಷ ಸಿರಿಝಾ ಒಡೆದು 25 ಸಂಸದರು ಹೊರನಡೆದರು. ಸೆಪ್ಟೆಂಬರಿನ ಚುನಾವಣೆಯಲ್ಲಿ ಜನ ಮತ್ತೆ ಸಿಪ್ರಾಸ್ ಅವರನ್ನೇ ಗೆಲ್ಲಿಸಿದರು, ಹೊರನಡೆದವರ ಹೊಸ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ.

ಉಪನ್ಯಾಸಕರ ಒಲವು, ಅವರು ಬಾಯಿಬಿಟ್ಟು ಹೇಳದಿದ್ದರೂ, ಇದು ಜನರಿಗೆ ಬಗೆದ ದ್ರೋಹ ಎಂಬ ಕಡೆಗಿತ್ತು. ನನಗೆ ಹಾಗೆನ್ನಿಸುವುದಿಲ್ಲ. ‘ಇಲ್ಲ’ ಎಂದರೆ ಮಾರನೆಯ ದಿನ ಏನು ಎಂಬುದನ್ನು ಹೇಳದೆ ಪ್ರಶ್ನೆ ಕೇಳಿದ್ದೇ ತಪ್ಪು. ಒಪ್ಪಂದಕ್ಕೆ ಸಹಿ ಹಾಕಿದ್ದು ಆ ತಪ್ಪಿನ ಫಲ. 1991ರ ಜುಲೈ 1 ಮತ್ತು 3ರಂದು ಭಾರತ ತನ್ನ ರೂಪಾಯಿಯ ಬೆಲೆಯನ್ನು ತಾನೇ ಇಳಿಸಿತು. ನೋವಿನ ಕೆಲಸ, ಆದರೆ ನಿರ್ಧಾರ ನಮ್ಮದು. ಗ್ರೀಸಿನ ಕೈಯಲ್ಲಿ ಇಳಿಸಲು ತನ್ನದೆಂಬ ನಾಣ್ಯವೇ ಇರಲಿಲ್ಲ, ಮತ್ತು ಯೂರೋ ಬಿಡಲು ಅಲ್ಲಿಯ ಹೆಚ್ಚಿನ ಜನರಿಗೆ ಮನಸ್ಸೂ ಇರಲಿಲ್ಲ. ಹಾಗಿರುವಾಗ ಮತಪೆಟ್ಟಿಗೆಯಲ್ಲಿ ಬಿದ್ದ ‘ಇಲ್ಲ’ಕ್ಕೆ ಸಾಲ ಕೊಟ್ಟವರ ಮುಂದೆ ಎಷ್ಟು ಬಲ? ಇದನ್ನು ನಾನು ತರಗತಿಯಲ್ಲೇ ಕೇಳಿದೆ. ಅವರು ಮುನಿಸಿಕೊಳ್ಳದೆ, ಸಾಲ ಕೊಟ್ಟವರ ಪೈಕಿಯೂ ಒಮ್ಮತವಿರಲಿಲ್ಲ ಎಂಬುದನ್ನು ಮುಂದಿಟ್ಟರು. ಜನಮತ ಸಂಗ್ರಹಕ್ಕೆ ಮೂರು ದಿನ ಮೊದಲೇ ಐಎಂಎಫ್ ತನ್ನ ವಿಶ್ಲೇಷಣೆಯನ್ನು ಪ್ರಕಟಿಸಿ, ಸಾಲದ ಹೊರೆಯನ್ನು ತಗ್ಗಿಸದೆ ದಾರಿಯಿಲ್ಲ ಎಂಬ ಅರ್ಥದ ಮಾತು ಹೇಳಿತ್ತು. ಜರ್ಮನಿಯ ಹಣಕಾಸು ಸಚಿವ ಶೋಯ್ಬ್ಲ ಅವರು ಗ್ರೀಸ್ ಕೆಲಕಾಲ ಯೂರೋದಿಂದ ಹೊರಗಿರಲಿ ಎಂಬ ಪ್ರಸ್ತಾವದತ್ತ ವಾಲಿದ್ದರು. ಉತ್ತರ ಒಳ್ಳೆಯದೇ ಆಗಿತ್ತು, ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ.

ಈ ಮಾಲೆಯ ಮೊದಲ ಕೊರತೆಯನ್ನು ಇಲ್ಲಿಯೇ ಹೇಳಬೇಕು. ಸಾಲ ಕೊಟ್ಟ ದೇಶಗಳ ಸಾಮಾನ್ಯ ಮತದಾರ ಇಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಸ್ಲೊವಾಕಿಯಾದಂಥ, ತಾನೇ ಗ್ರೀಸಿಗಿಂತ ಬಡವೆನ್ನಿಸಿಕೊಂಡಿದ್ದ ದೇಶ 2010ರ ಮೊದಲ ಸಾಲದಲ್ಲಿ ಪಾಲುಗೊಳ್ಳಲು ಒಪ್ಪಲಿಲ್ಲ. 2011ರಲ್ಲಿ ಯೂರೋ ರಕ್ಷಣಾ ನಿಧಿಯನ್ನು ಹಿಗ್ಗಿಸುವ ಮತದಾನದಲ್ಲಿ ಅಲ್ಲಿಯ ಸರ್ಕಾರವೇ ಬಿದ್ದುಹೋಯಿತು. ಫಿನ್ಲೆಂಡ್ ತನ್ನ ಪಾಲಿಗೆ ಪ್ರತ್ಯೇಕ ಒತ್ತೆ ಕೇಳಿತು. ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದ ಪಿಂಚಣಿದಾರ ತನಗಿಂತ ಹೆಚ್ಚು ಪಿಂಚಣಿ ಪಡೆಯುವವನಿಗೆ ನಾನೇಕೆ ಕೊಡಬೇಕು ಎಂದು ಕೇಳಿದರೆ ಅದೂ ಪ್ರಜಾಪ್ರಭುತ್ವದ ಮಾತೇ. ಒಂದು ದೇಶದ ಬ್ಯಾಲೆಟ್ಟಿಗೆ ಇನ್ನೊಂದು ದೇಶದ ಬ್ಯಾಲೆಟ್ಟು ಎದುರು ನಿಂತಿತ್ತು ಎಂಬುದು ಇಲ್ಲಿಯ ಗಂಟು. ಅದನ್ನು ಬಿಡಿಸಲು ಅರ್ಧ ಗಂಟೆಯಾದರೂ ಮೀಸಲಿಡಬೇಕಿತ್ತು.

ಎರಡನೆಯ ಕೊರತೆ ನನ್ನನ್ನು ಹೆಚ್ಚು ನೋಯಿಸಿತು. ಕೊನೆಯ ಭಾನುವಾರ ಶ್ರೀಲಂಕಾಕ್ಕೆಂದು ನಿಗದಿಯಾಗಿತ್ತು. ಸಂಘದ ಬೇರೊಂದು ಸಭೆ ಅದೇ ಸಭಾಂಗಣದಲ್ಲಿ ಎಳೆದುಕೊಂಡು ಹೋದದ್ದರಿಂದ ತರಗತಿ ಆರಂಭವಾದದ್ದು ಒಂದು ಗಂಟೆ ತಡವಾಗಿ, ದೊರೆತದ್ದು ನಲವತ್ತು ನಿಮಿಷ. 2022ರ ಏಪ್ರಿಲ್ 12ರಂದು ಕೊಲಂಬೊ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿದ್ದು, ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದದ್ದು, 2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರಿನ ನೆರವಿಗೆ ಒಪ್ಪಿದ್ದು ಓಡುನಡೆಯಲ್ಲಿ ಬಂದು ಹೋದವು. ಆದರೆ ಇಲ್ಲಿ ನಾವು ಪಕ್ಕದಲ್ಲಿ ನಿಂತು ನೋಡುವವರಲ್ಲ. ಬಿಕ್ಕಟ್ಟಿನ ವರ್ಷದಲ್ಲಿ ಇಂಧನ, ಔಷಧ, ಆಹಾರಕ್ಕಾಗಿ ಸುಮಾರು 400 ಕೋಟಿ ಡಾಲರಿನ ನೆರವನ್ನು ವಿವಿಧ ರೂಪಗಳಲ್ಲಿ ಕೊಟ್ಟ ದೇಶ ಭಾರತ. ಸಾಲ ಕೊಟ್ಟ ದೇಶಗಳ ಸಮಿತಿಯಲ್ಲಿ ಫ್ರಾನ್ಸ್ ಮತ್ತು ಜಪಾನ್ ಜೊತೆ ಸಹ ಅಧ್ಯಕ್ಷ ಸ್ಥಾನದಲ್ಲಿದ್ದದ್ದೂ ಭಾರತ. ಚೀನಾ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಆ ಸಮಿತಿಯ ಹೊರಗೆ ತನ್ನದೇ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಅಧ್ಯಕ್ಷರಾದ ಅನುರ ಕುಮಾರ ದಿಸ್ಸಾನಾಯಕೆ ಷರತ್ತುಗಳನ್ನು ಮತ್ತೆ ಚರ್ಚಿಸುವುದಾಗಿ ಪ್ರಚಾರದಲ್ಲಿ ಹೇಳಿದ್ದರೂ ಐಎಂಎಫ್ ಕಾರ್ಯಕ್ರಮವನ್ನು ಮುಂದುವರಿಸಿದರು. ಸಿಪ್ರಾಸ್ ನಡೆದ ದಾರಿಯ ಜೊತೆ ಇದನ್ನು ಹೋಲಿಸಿ ನೋಡುವ ಅವಕಾಶ ಕೈತಪ್ಪಿತು. ಸರ್ಕಾರ ದೇಶದೊಳಗೇ ಮಾಡಿದ್ದ ಸಾಲದ ಷರತ್ತುಗಳನ್ನು ಬದಲಿಸಿದಾಗ ಅದರ ಹೊರೆ ಅಲ್ಲಿಯೂ ನೌಕರರ ಭವಿಷ್ಯ ನಿಧಿಯ ಮೇಲೆ ಬಿದ್ದದ್ದನ್ನು ಕಾನೂನು ಓದುವ ಹುಡುಗಿಯೇ ಎತ್ತಿ ಹೇಳಬೇಕಾಯಿತು. 1991ರಲ್ಲಿ ಅಡವಿಟ್ಟವರು, 2022ರಲ್ಲಿ ಕೊಟ್ಟವರು ಒಬ್ಬರೇ. ಮೊದಲ ದಿನದ ‘ಸಾಲಗಾರ’ ಪದ ಕೊನೆಯ ದಿನ ಮತ್ತೆ ಬರಬೇಕಿತ್ತು, ಬರಲಿಲ್ಲ.

ಟಿಪ್ಪಣಿ ಪುಸ್ತಕ ಒಟ್ಟಾರೆ ಶ್ರದ್ಧೆಯಿಂದ ಸಿದ್ಧಪಡಿಸಿದ್ದು. ಸಾಲ ಮನ್ನಾ, ಅವಧಿ ವಿಸ್ತರಣೆ, ಬಡ್ಡಿ ಇಳಿಕೆ ಇವುಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಿದ ಪುಟವನ್ನು ನಾನು ಪ್ರತಿ ಮಾಡಿಸಿ ಗೆಳತಿಯರಿಗೆ ಕೊಟ್ಟಿದ್ದೇನೆ. ಒಂದು ದೋಷವನ್ನು ಮಾತ್ರ ಮುಂದಿನ ಮುದ್ರಣದಲ್ಲಿ ತಿದ್ದಲೇಬೇಕು. ಯೂರೋ ಮೊತ್ತಗಳನ್ನೆಲ್ಲ ಇಂದಿನ ದರದಲ್ಲಿ ರೂಪಾಯಿಗೆ ಪರಿವರ್ತಿಸಲಾಗಿದೆ. 2010ರಲ್ಲಿ ಯೂರೋ 60 ರೂಪಾಯಿಯ ಆಸುಪಾಸಿನಲ್ಲಿತ್ತು, ಈಗ ಅದಕ್ಕಿಂತ ಬಹಳ ಮೇಲಿದೆ. ಹೀಗೆ ಮಾಡಿದರೆ ಅಂದಿನ ಸಾಲ ಅಂದು ಇದ್ದದ್ದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ವಿನಿಮಯ ದರದ ಕುರಿತ ತರಗತಿಯಲ್ಲಿ ಇಂಥ ಲೆಕ್ಕ ಉಳಿಯಬಾರದು.

ಕುರ್ಚಿಗಳು ಗಟ್ಟಿ, ಫ್ಯಾನುಗಳು ಸಾಕಷ್ಟಿವೆ, ಲಿಫ್ಟ್ ಇಲ್ಲ. ಮಂಡಿನೋವಿನವರು ಮೊದಲೇ ತಿಳಿಸಿದರೆ ಕಾರ್ಯಕರ್ತರು ಮೆಟ್ಟಿಲ ಬಳಿ ಬಂದು ಕೈಹಿಡಿದು ಕರೆದೊಯ್ಯುತ್ತಾರೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಸೆಂಟ್ರಲ್ ಲೈನಿನಲ್ಲಿ ಬರುವವರು ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ರೈಲು ಸಂಚಾರದ ಕಡಿತ) ನೋಡಿಕೊಂಡು ಹೊರಡಬೇಕು. ಅರ್ಥಶಾಸ್ತ್ರ ಓದಿಲ್ಲ ಎಂದು ಹಿಂಜರಿಯುವ ಅಗತ್ಯವಿಲ್ಲ. ಶೆಟ್ರು ಓದಿರಲಿಲ್ಲ, ಮೂರನೆಯ ವಾರದ ಹೊತ್ತಿಗೆ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆಗಳು ಅವರವೇ ಆಗಿದ್ದವು. ಅದೇ ಉಪನ್ಯಾಸಕರ ಮುಂದಿನ ಮಾಲೆಗೆ ನಾನು ಹೆಸರು ಕೊಟ್ಟಿದ್ದೇನೆ, ಮತ್ತು ಅರ್ಜಿಯ ಹಿಂಬದಿಯಲ್ಲಿ, ಶ್ರೀಲಂಕಾಕ್ಕೆ ಎರಡು ಪೂರ್ತಿ ಭಾನುವಾರಗಳು ಬೇಕು, ಆ ದಿನ ಸಭಾಂಗಣವನ್ನು ಬೇರೆ ಯಾವ ಸಭೆಗೂ ಕೊಡಬಾರದು ಎಂದು ಬರೆದಿದ್ದೇನೆ. ಶೆಟ್ರೂ ಆ ಹುಡುಗಿಯೂ ಅದರ ಕೆಳಗೆ ಸಹಿ ಹಾಕಿದ್ದಾರೆ.