ಪರ್ಸೆಂಟೇಜ್ ಜಾಸ್ತಿ ಮಾಡಿಸಲು ಹೋಗಿ ಇದ್ದದ್ದನ್ನೂ ಕಳೆದುಕೊಳ್ಳಬೇಡಿ

ಮಲೆನಾಡು ಕಡೆಯ ಒಬ್ಬ ಹೆಂಗಸಿಗೆ ಸಂಧಿವಾತ. 45 ಪರ್ಸೆಂಟ್ ಅಂಗವಿಕಲತೆ ಪ್ರಮಾಣಪತ್ರ ಇತ್ತು, ಮಾಸಾಶನ ಬರುತ್ತಿತ್ತು. ವರ್ಷ ಕಳೆದಂತೆ ಸಕ್ಕರೆ ಕಾಯಿಲೆ ಬಂತು, ಬಿಪಿ ಬಂತು, ಕಿಡ್ನಿಯೂ ಸೋತಿತು. ‘ಇಷ್ಟೆಲ್ಲ ಇರುವಾಗ 75 ದಾಟೇ ದಾಟುತ್ತೆ, ಮಾಸಾಶನ ಏರುತ್ತೆ’ ಎಂದು ಯಾರೋ ಹುರಿದುಂಬಿಸಿದರು. ದಪ್ಪ ಫೈಲು ಹಿಡಿದು ಮೆಡಿಕಲ್ ಬೋರ್ಡ್ ಮುಂದೆ ಹೋದರು. ಹೊಸ ಪತ್ರದಲ್ಲಿ ಬಂದದ್ದು 38. ನಲವತ್ತರ ಗೆರೆಯ ಕೆಳಗೆ, ಅಂದರೆ ಇದ್ದ ಮಾಸಾಶನಕ್ಕೂ ಅರ್ಹತೆ ಹೋಯಿತು.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಇದನ್ನು ಮೊದಲು ತಿಳಿಯಬೇಕು: ಮರುತಪಾಸಣೆ ಎಂದರೆ ಹಳೆಯ ಅಂಕಿಗೆ ಇನ್ನಷ್ಟು ಕೂಡಿಸುವುದಿಲ್ಲ, ಸೊನ್ನೆಯಿಂದ ಅಳೆಯುತ್ತಾರೆ. ಏರಬಹುದು, ಇಳಿಯಲೂಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವುದು 21 ಬಗೆಯ ಅಂಗವೈಕಲ್ಯ. ಸಕ್ಕರೆ, ಬಿಪಿ, ಕಿಡ್ನಿ, ಹೃದಯದ ಕಾಯಿಲೆ ಅದರಲ್ಲಿ ಇಲ್ಲ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ ಇವೆ. ಹಾಗಂತ ಸಕ್ಕರೆಯವರಿಗೆ ದಾರಿಯೇ ಇಲ್ಲ ಎಂದಲ್ಲ. ಸಕ್ಕರೆಯಿಂದ ಕಾಲು ತೆಗೆದಿದ್ದರೆ ಅದು ಚಲನವೈಕಲ್ಯ, ರೆಟಿನಾ ಹಾಳಾಗಿದ್ದರೆ ದೃಷ್ಟಿಯ ಲೆಕ್ಕ. ಕಾಯಿಲೆಯ ಹೆಸರಿಗೆ ಅಂಕಿ ಸಿಗುವುದಿಲ್ಲ. ಅದು ದೇಹದ ಯಾವ ಕೆಲಸ ಕಿತ್ತುಕೊಂಡಿದೆ ಎಂಬುದಕ್ಕೆ ಸಿಗುತ್ತದೆ. ಆ ಹೆಂಗಸಿನ ಫೈಲಿನಲ್ಲಿ ಮುಕ್ಕಾಲು ಪಾಲು ಕಿಡ್ನಿಯ ರಕ್ತಪರೀಕ್ಷೆಯ (ಕ್ರಿಯಾಟಿನಿನ್) ರಿಪೋರ್ಟ್‌ಗಳೇ. ಗಂಟಿನ ಹೊಸ ಎಕ್ಸ್‌ರೇ ಒಂದೂ ಇರಲಿಲ್ಲ.

ಎರಡು ವೈಕಲ್ಯ ಇದ್ದರೂ ನೇರವಾಗಿ ಕೂಡುವುದಿಲ್ಲ. ಸಣ್ಣ ಅಂಕಿಯನ್ನು, 90ರಲ್ಲಿ ದೊಡ್ಡ ಅಂಕಿ ಕಳೆದು ಉಳಿದದ್ದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. 50 ಮತ್ತು 30 ಇದ್ದರೆ 80 ಆಗದು, ಸುಮಾರು 63. ಎಪ್ಪತ್ತೈದರ ಆಸೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಮನೆಯಲ್ಲೇ ಒಮ್ಮೆ ಲೆಕ್ಕ ಹಾಕಿ ನೋಡಿ, ಆಮೇಲೆ ಬಸ್ ಹತ್ತಿ.

ಗಂಟಿನ ವೈಕಲ್ಯದಲ್ಲಿ ಅಳೆಯುವುದು ಗಂಟು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯುವಿಗೆ ಬಲ ಎಷ್ಟಿದೆ, ನಿಲ್ಲಲು, ನಡೆಯಲು ಆಗುತ್ತದೆಯೇ ಎಂದು. ನೋವಿಗೆ ಸಿಗುವುದು ಸಣ್ಣ ಹೆಚ್ಚುವರಿ ಅಂಕ ಮಾತ್ರ. ಸಂಧಿವಾತದವರ ಕೈ ಬೆಳಿಗ್ಗೆ ಮರಗಟ್ಟಿರುತ್ತದೆ. ಮಾತ್ರೆ ನುಂಗಿ, ಬಿಸಿನೀರಿನ ಶಾಖ ಕೊಟ್ಟುಕೊಂಡು, ಮಧ್ಯಾಹ್ನ ಬೋರ್ಡ್ ಮುಂದೆ ಕೂತಾಗ ಅದೇ ಕೈ ಸಾಕಷ್ಟು ಮಡಚುತ್ತದೆ. ಅದಕ್ಕಾಗಿ ಮಾತ್ರೆ ಬಿಟ್ಟು ಹೋಗುವ ಹುಚ್ಚು ಬೇಡ. ನಿಮ್ಮನ್ನು ನೋಡುವ ಡಾಕ್ಟರ ಹತ್ತಿರ ಆರು ತಿಂಗಳಿಂದಾದರೂ ಪ್ರತಿ ಭೇಟಿಯಲ್ಲಿ ಗಂಟಿನ ಚಲನೆಯ ಡಿಗ್ರಿ, ಎಷ್ಟು ಹೊತ್ತು ಬಿಗಿತ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ನೋವು ಇದೆ’ ಎಂದಷ್ಟೇ ಬರೆದ ಚೀಟಿ ಹತ್ತಿದ್ದರೂ ಕೆಲಸಕ್ಕೆ ಬಾರದು.

ಅಂಗವಿಕಲತೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಸರ್ಕಾರಿ ವೆಬ್‌ಸೈಟ್ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹೊಸಬರಂತೆ ಇನ್ನೊಂದು ಅರ್ಜಿ ಹಾಕಬೇಡಿ, ಎರಡೆರಡು ದಾಖಲೆಯಾಗಿ ಸಿಕ್ಕಿಕೊಳ್ಳುತ್ತದೆ. ಹಳೆಯ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ನಂಬರ್ ಹಿಡಿದೇ ಹೋಗಿ. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಗೊತ್ತಾಗದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ಇಲ್ಲವೇ ತಾಲ್ಲೂಕು ಪಂಚಾಯ್ತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ, ಅದು ಅವರ ಕೆಲಸವೇ. ದುಡ್ಡು ಕೊಟ್ಟರೆ 80 ಬರೆಸಿಕೊಡುತ್ತೇನೆ ಎನ್ನುವ ಬ್ರೋಕರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಪತ್ರದಲ್ಲಿ ಹೆಸರಿದ್ದವರು.

ಅಂಕಿ ಕಡಿಮೆ ಬಂತೆಂದು ಅಳುತ್ತಾ ಮನೆಗೆ ಬಂದು ಸುಮ್ಮನಾಗಬೇಡಿ. ಅದೇ ಕಾಯ್ದೆಯ 59ನೇ ಕಲಂನಲ್ಲಿ ಮೇಲ್ಮನವಿ ಇದೆ, ಅದಕ್ಕೆ ಗಡುವೂ ಇದೆ. ಆ ಹೆಂಗಸಿಗೆ ಅದು ತಿಳಿಯುವಷ್ಟರಲ್ಲಿ ಐದು ತಿಂಗಳಾಗಿತ್ತು.

ಇನ್ನೊಂದು ಮಾತು. ಬೋರ್ಡ್ ಯಾವ ವಾರ ಕೂರುತ್ತದೆ, ಆ ದಿನ ಮೂಳೆ ಡಾಕ್ಟರ್ ಇರುತ್ತಾರೋ ಕಣ್ಣಿನವರೋ ಎಂದು ಮುಂಚೆಯೇ ಫೋನ್ ಮಾಡಿ ಕೇಳಿ. ಕಳಸದಿಂದಲೋ ಕೊಪ್ಪದಿಂದಲೋ ಹೊರಟು, ಊರುಗೋಲು ಹಿಡಿದು ಘಾಟಿ ರಸ್ತೆಯಲ್ಲಿ ಬಂದಾಗ ಡಾಕ್ಟರು ಇಲ್ಲದಿದ್ದರೆ ಇಡೀ ದಿನ ದಂಡ.