ಗಣೇಶನ ಮದುವೆಯೋ, ಮಾಲ್ಗುಡಿಯೋ: ಐದು ಶನಿವಾರಗಳ ಪಂದ್ಯ

ನಮ್ಮ ಮನೆಯಲ್ಲಿ ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಅಮ್ಮನನ್ನು ನೋಡಿದರೆ ಸಾಕು. ಅವರಿಗೆ 75 ದಾಟಿದೆ, ಮಂಡಿ ನೋವು ಬೇರೆ. ಒಮ್ಮೆ ಕುರ್ಚಿಯಲ್ಲಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ಅಂಥವರು ಕುರ್ಚಿಯ ಕೈ ಹಿಡಿದು, ಉಸ್ಸಪ್ಪಾ ಅಂತ ಎದ್ದು ಅಡುಗೆಮನೆ ಕಡೆ ನಡೆದರು ಅಂದರೆ ಆ ಸಿನಿಮಾ ಫೇಲು.

ಈ ಬೇಸಿಗೆಯಲ್ಲಿ ಬೆಂಗಳೂರಿಂದ ಅಕ್ಕನ ಮಗ ದಾವಣಗೆರೆಗೆ ಬಂದಿದ್ದ. ಅವನಿಗೆ 16, ನನ್ನ ಮಗಳಿಗೆ 10. ಇಬ್ಬರೂ ಎರಡು ಮೂಲೆಯಲ್ಲಿ ಎರಡು ಮೊಬೈಲು ಹಿಡಿದು ಕೂರುವುದು ನೋಡಿ ನೋಡಿ ಸಾಕಾಗಿ, ಶನಿವಾರ ಸಂಜೆ ಎಲ್ಲರೂ ಒಟ್ಟಿಗೆ ಏನಾದರೂ ನೋಡುವುದು ಅಂತ ಒಂದು ಕಾನೂನು ಮಾಡಿದೆ. ನಾನೋ ನನ್ನ ಹೆಂಡತಿಯೋ ಚಿಕ್ಕಂದಿನಲ್ಲಿ ನೋಡಿದ್ದೇ ಆಗಬೇಕು. ಇಬ್ಬರು ಎದ್ದು ಹೋದರೆ ಅಲ್ಲಿಗೆ ಬಂದ್. ಹೀಗೆ ಐದು ಶನಿವಾರ ನಡೆಯಿತು.

ಮೊದಲ ವಾರ 'ಗಣೇಶನ ಮದುವೆ'. ಅದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್. ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಒಂದೇ ವಠಾರದಲ್ಲಿ ಹಾವು ಮುಂಗುಸಿ ಹಾಗೆ ಕಚ್ಚಾಡುವ ಇಬ್ಬರು, ಕಾಗದದಲ್ಲಿ ಮಾತ್ರ ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆ, ಆ ಕಡೆ ಇರುವುದು ಯಾರು ಅಂತ ಗೊತ್ತಿಲ್ಲದೆ. ಇದಕ್ಕಿಂತ ಒಳ್ಳೆಯ ಎಳೆ ಕನ್ನಡದ ತಮಾಷೆ ಸಿನಿಮಾದಲ್ಲಿ ಇದೆಯಾ? ನನಗಂತೂ ಇಲ್ಲ ಅಂತಲೇ ಅನಿಸಿತ್ತು.

ಅಮ್ಮ ಏಳಲಿಲ್ಲ. ಹುಡುಗ ನಕ್ಕ. ಹೆಂಡತಿ ನನಗಿಂತ ಜಾಸ್ತಿ ನಕ್ಕಳು. ತೊಂದರೆ ಆಗಿದ್ದು ನನ್ನಿಂದ. ಈ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ನೋಡಿ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಅನಂತ್ ನಾಗ್ ಬಾಯಿ ತೆರೆಯುವ ಮೊದಲೇ ಆ ಮಾತು ನನ್ನ ಬಾಯಿಂದ ಬರುತ್ತಿತ್ತು. ಅರ್ಧ ಗಂಟೆ ಸಹಿಸಿಕೊಂಡ ಮಗಳು, "ಅಪ್ಪಾ, ಸುಮ್ನಿರು ಪ್ಲೀಸ್, ಅವರು ಹೇಳಲಿ" ಅಂದಳು. ಬಾಯಿ ಮುಚ್ಚಿಕೊಂಡು ಕೂತ ಮೇಲೆ ಒಂದು ವಿಷಯ ಗೊತ್ತಾಯಿತು. ನನಗೆ ನಗು ಬರುತ್ತಿರಲಿಲ್ಲ. ಮುಂದೆ ಏನು ಅಂತ ಗೊತ್ತಿದ್ದವನಿಗೆ ನಗು ಎಲ್ಲಿಂದ ಬರಬೇಕು? ನಾನು ನೋಡುತ್ತಿದ್ದದ್ದು ಸಿನಿಮಾ ಅಲ್ಲ, ಉಳಿದವರು ನಗುತ್ತಾರಾ ಇಲ್ಲವಾ ಅನ್ನುವುದನ್ನು.

ಮಗಳಿಗೆ ವಠಾರವೇ ಅರ್ಥವಾಗಲಿಲ್ಲ. "ಇವರೆಲ್ಲ ಕಸಿನ್ಸಾ?" ಅಂತ ಕೇಳಿದಳು. ಸಾಲು ಮನೆ, ಮಧ್ಯೆ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ತಿಂಗಳಾದರೆ ಬಾಡಿಗೆಗೆ ಬಂದು ನಿಲ್ಲುವ ಮಾಲೀಕ, ಇದನ್ನೆಲ್ಲ ವಿವರಿಸುವುದರಲ್ಲಿ ಹತ್ತು ನಿಮಿಷ ಹೋಯಿತು. ಅಪಾರ್ಟ್‌ಮೆಂಟ್ ಮಕ್ಕಳಿಗೆ ತೋರಿಸುವವರು ಈ ಪಾಠ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಅದೇ ಗುಂಗಿನಲ್ಲಿ ಮುಂದಿನ ವಾರ 'ಗೌರಿ ಗಣೇಶ' ಹಾಕಿದೆ. ಅದೇ ನಿರ್ದೇಶಕರು, ಅದೇ ಜೋಡಿ, 1991. ಸಿನಿಮಾವಾಗಿ ಇದು ಮೊದಲನೆಯದಕ್ಕಿಂತ ಗಟ್ಟಿ ಅಂತ ನನ್ನ ಲೆಕ್ಕ. ಆದರೆ ಕಥೆ ಏನು ಅಂತ ನಾನು ಮರೆತೇಬಿಟ್ಟಿದ್ದೆ. ತೀರಿಹೋದ ಹೆಂಗಸೊಬ್ಬಳ ಡೈರಿ ಲಂಬೋದರನ ಕೈಗೆ ಸಿಗುತ್ತದೆ. ಅದನ್ನಿಟ್ಟುಕೊಂಡು ಅವನು ಮೂವರು ಗಂಡಸರಿಗೆ ಬೇರೆ ಬೇರೆಯಾಗಿ, ನಿಮ್ಮಿಂದ ಒಂದು ಮಗು ಹುಟ್ಟಿದೆ ಅಂತ ನಂಬಿಸಿ ದುಡ್ಡು ಎಳೆಯುತ್ತಾನೆ. ಚಿಕ್ಕಂದಿನಲ್ಲಿ ಮಾಸ್ಟರ್ ಆನಂದ್ ಚೇಷ್ಟೆಗೆ ನಕ್ಕಿದ್ದೆವೇ ಹೊರತು ಈ ಮೂವರಿಗೂ ಅನುಮಾನ ಯಾಕೆ ಬಂತು ಅಂತ ನಾವ್ಯಾರೂ ಕೇಳಿರಲಿಲ್ಲ. ನನ್ನ ಮಗಳು ಕೇಳಿದಳು. ಅಮ್ಮ ಎದುರಿಗೇ. ನಾನು ನೀರು ಕುಡಿಯಲು ಎದ್ದೆ. ಹೆಂಡತಿ ಹಾಲಿಗೆ ಹೆಪ್ಪು ಹಾಕಲು ಎದ್ದಳು. ಕಾನೂನಿನ ಪ್ರಕಾರ ಬಂದ್ ಆಗಬೇಕಿತ್ತು, ಅಮ್ಮ ಬಿಡಲಿಲ್ಲ. ದೊಡ್ಡವರೇ ಕೂತು ನೋಡುವುದಾದರೆ ಇದನ್ನು ಮೊದಲು ನೋಡಿ. ಸಣ್ಣ ಮಕ್ಕಳಿದ್ದರೆ 'ಗಣೇಶನ ಮದುವೆ'ಯೇ ಕ್ಷೇಮ.

ಮೂರನೇ ವಾರ ಹೆಂಡತಿಯ ಆಯ್ಕೆ, 'ಚಿನ್ನಾರಿ ಮುತ್ತ'. 1993ರ ಟಿ.ಎಸ್. ನಾಗಾಭರಣ ಅವರ ಸಿನಿಮಾ. ಅವಳ ಶಾಲೆಯಿಂದ ಮಕ್ಕಳನ್ನೆಲ್ಲ ಸಾಲಾಗಿ ಟಾಕೀಸಿಗೆ ನಡೆಸಿಕೊಂಡು ಹೋಗಿದ್ದರಂತೆ. ಹಳ್ಳಿಯ ಹುಡುಗ ಬೆಂಗಳೂರು ಸೇರಿ, ಬೀದಿಯಲ್ಲಿ ಬಿದ್ದೆದ್ದು, ಕೊನೆಗೆ ಓಟಗಾರನಾಗುವ ಕಥೆ. ಮುತ್ತನಾಗಿದ್ದವರು ವಿಜಯ ರಾಘವೇಂದ್ರ. ಹುಡುಗ ಅವರನ್ನು ಕಂಡ ಕೂಡಲೇ, "ಇವ್ರು ಡ್ರಾಮಾ ಜೂನಿಯರ್ಸ್ ಜಡ್ಜ್ ಅಲ್ವಾ?" ಅಂದ. ಹೋದ ವಾರದ ಪುಟ್ಟ ಹುಡುಗ ಮಾಸ್ಟರ್ ಆನಂದ್ ಅದೇ ಟೀವಿ ಕಾರ್ಯಕ್ರಮದ ನಿರೂಪಕರಾಗಿದ್ದವರು ಅಂತ ಗೊತ್ತಾದಾಗಲಂತೂ ಇಬ್ಬರಿಗೂ ಭಾರಿ ಖುಷಿ. ನಮಗೆ ಅವರು ಯಾವತ್ತೂ ಮಾಸ್ಟರ್, ಇವರಿಗೆ ಸರ್.

ಇಲ್ಲಿ ಹಾಡುಗಳೇ ಅರ್ಧ ಸಿನಿಮಾ. ಎಚ್.ಎಸ್. ವೆಂಕಟೇಶಮೂರ್ತಿ ಬರೆದದ್ದು, ಸಿ. ಅಶ್ವತ್ಥ್ ಸಂಗೀತ. ನಮ್ಮ ವಯಸ್ಸಿನವರಿಗೆ ಶಾಲೆ ವಾರ್ಷಿಕೋತ್ಸವದ ನೆನಪು ಬಂದೇ ಬರುತ್ತದೆ. ಆದರೆ ಮುತ್ತ ಕಷ್ಟಪಡುವ ಭಾಗ ನಾನು ಅಂದುಕೊಂಡಿದ್ದಕ್ಕಿಂತ ಭಾರ. ಮಗಳು ಎದ್ದು ಹೋಗಲಿಲ್ಲ, ಅಜ್ಜಿಯ ಕುರ್ಚಿ ಪಕ್ಕಕ್ಕೆ ಸರಿದು ಅವರ ಸೆರಗು ಹಿಡಿದು ಕೂತಳು. ಎರಡು ಗಂಟೆಯಲ್ಲಿ ಅವಳು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗಣೇಶನಿಗೆ ಎಷ್ಟೊಂದು ವಿವರಣೆ ಬೇಕಾಯಿತು, ಮುತ್ತನಿಗೆ ಒಂದು ಮಾತೂ ಬೇಕಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಲಿಗೆ ಚಪ್ಪಲಿ ಇಲ್ಲದೆ ಟೆರೇಸಿನಲ್ಲಿ ಓಡುತ್ತಿದ್ದಳು.

ನಾಲ್ಕನೇ ವಾರ ಎರಡು ಧಾರಾವಾಹಿಗಳನ್ನು ಒಂದಾದ ಮೇಲೊಂದು ಹಾಕಿದೆ. ಮೊದಲು 'ಪಾಪ ಪಾಂಡು'. ಈಟಿವಿ ಕನ್ನಡದ ಕಾಲದ್ದು, ಸಿಹಿಕಹಿ ಚಂದ್ರು ಅವರದು. ಪಾಂಡು ಆಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ಮೊದಲ ಕಂತಿಗೆ ಮಗಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಎರಡನೆಯದಕ್ಕೂ ನಕ್ಕಳು. ಮೂರನೆಯದಕ್ಕೆ ಕ್ರೇಯಾನ್ ಡಬ್ಬಿ ಹೊರಗೆ ಬಂತು. ಹೆಂಡತಿ ಗಂಡನಿಗೆ ಬಾರಿಸುವುದೇ ತಮಾಷೆ ಆದರೆ ಎಷ್ಟು ಸಲ ಅಂತ ನಗುವುದು? "ಇದೇ ಉಲ್ಟಾ ಆಗಿದ್ದರೆ ನಗ್ತಿದ್ರಾ ಮಾರಾಯ್ರೆ?" ಅಂತ ನನ್ನವಳು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅಮ್ಮ ಕುರ್ಚಿಯ ಕೈ ಹಿಡಿದರು. ರಾತ್ರಿ ಊಟದ ಜೊತೆಗೆ ದಿನಕ್ಕೊಂದು ಕಂತು ಅಂತಾದರೆ ಇದು ಸರಿ. ಒಟ್ಟಿಗೆ ನೋಡುವ ಸರಕಲ್ಲ.

ಆಮೇಲೆ 'ಗುಡ್ಡದ ಭೂತ'. 90ರ ದಶಕದ ಶುರುವಿನ ದೂರದರ್ಶನದ ಧಾರಾವಾಹಿ. ನಿರ್ದೇಶನ ಸದಾನಂದ ಸುವರ್ಣ, ತೆರೆಯ ಮೇಲೆ ಎಳೆಯ ಪ್ರಕಾಶ್ ರೈ. ನನ್ನ ಹೆಂಡತಿ ಪುತ್ತೂರು ಕಡೆಯವಳು. ಶುರುವಿನ ಹಾಡು ಡೆನ್ನಾನ ಡೆನ್ನಾನ ಅಂತ ಬಂತೋ ಇಲ್ಲವೋ, ಅವಳ ತೋಳಿನ ಮೇಲೆ ರೋಮ ಎದ್ದಿತ್ತು. ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತಿ, "ಇದು ರಂಗಿತರಂಗದ್ದು ಅಲ್ವಾ?" ಅಂದ. ಅವನ ಲೆಕ್ಕದಲ್ಲಿ ಅದು ಆ ಸಿನಿಮಾದ ಜೊತೆಗೇ 2015ರಲ್ಲಿ ಹುಟ್ಟಿದ ಹಾಡು. ಅವನ ಅತ್ತೆ ಅದಕ್ಕೆ ಕೊಟ್ಟ ಉತ್ತರ ಅರ್ಧ ತುಳುವಿನಲ್ಲಿತ್ತು, ಆದ್ದರಿಂದ ಇಲ್ಲಿ ಬರೆಯಲು ಆಗುವುದಿಲ್ಲ.

ನಮಗೆ ಸಿಕ್ಕ ಪ್ರಿಂಟು ಮಸುಕು ಮಸುಕು. ರಾತ್ರಿಯ ದೃಶ್ಯಗಳಲ್ಲಿ ಯಾರು ಯಾರು ಅಂತ ಗುರುತು ಹಿಡಿಯುವುದೇ ಕಷ್ಟ. ಆದರೆ ಹೆದರಿಕೆಗೆ ಅದೂ ಒಂಥರಾ ಸಹಾಯವೇ. ಹೊಸ ದೆವ್ವದ ಸಿನಿಮಾಗಳಲ್ಲಿ ಹಾಗೆ ಧಡ್ ಅಂತ ಸದ್ದು ಮಾಡಿ ಬೆಚ್ಚಿ ಬೀಳಿಸುತ್ತಾರಲ್ಲ, ಅದು ಇಲ್ಲಿಲ್ಲ. ಗುಡ್ಡ, ಹಳೇ ಮನೆ, ಜನ ಪಿಸುಪಿಸು ಮಾತಾಡುವ ರೀತಿ, ಅಷ್ಟೇ. 16ರ ಹುಡುಗ ಎರಡು ಕಂತು ಮುಗಿದ ಮೇಲೂ ರಿಮೋಟ್ ಬಿಡಲಿಲ್ಲ. ಮಗಳು ಮಾತ್ರ ಆ ರಾತ್ರಿ ನಮ್ಮಿಬ್ಬರ ನಡುವೆ ಬಂದು ಮಲಗಿದಳು. ದೊಡ್ಡ ಮಕ್ಕಳಿಗೆ ಇದನ್ನು ಕಣ್ಣು ಮುಚ್ಚಿ ಹೇಳಬಹುದು, ಸಣ್ಣವರಿಗೆ ಬೇಡ.

'ಮಾಯಾಮೃಗ' ಕೂಡ ಪಟ್ಟಿಯಲ್ಲಿತ್ತು. 1998ರಲ್ಲಿ ಚಂದನದಲ್ಲಿ ಬರುತ್ತಿದ್ದ ಕಾಲಕ್ಕೆ ಅಮ್ಮ ಅದಕ್ಕಾಗಿ ಸಂಜೆಯ ಕೆಲಸವನ್ನೆಲ್ಲ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು. ಆದರೆ ಅಷ್ಟು ಉದ್ದದ್ದನ್ನು ಒಂದು ಶನಿವಾರದಲ್ಲಿ ಅಳೆಯುವುದು ಅನ್ಯಾಯ. ಬಿಟ್ಟೆವು.

ಕೊನೆಯ ವಾರಕ್ಕೆ ಉಳಿದದ್ದು 'ಮಾಲ್ಗುಡಿ ಡೇಸ್', ಆರ್.ಕೆ. ನಾರಾಯಣ್ ಕಥೆಗಳ ದೂರದರ್ಶನ ಧಾರಾವಾಹಿ. ನಿಜ ಹೇಳಬೇಕು ಅಂದರೆ ನಾನೇ ಅದನ್ನು ಮುಂದೆ ಮುಂದೆ ತಳ್ಳುತ್ತಿದ್ದೆ. ಎಲ್ಲರೂ ಹೊಗಳುವುದನ್ನು ತೋರಿಸಿ ಮಕ್ಕಳು ಬೋರು ಅಂದುಬಿಟ್ಟರೆ? ಇನ್ನೊಂದು ಕಾರಣವೂ ಇತ್ತು. ನಾನು ಅದನ್ನು ಸರಿಯಾಗಿ ನೋಡಿಯೇ ಇಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. 1987ರಲ್ಲಿ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದೆವು. ಶಂಕರ್ ನಾಗ್ ಅದನ್ನು ಬಹುಪಾಲು ತೆಗೆದದ್ದು ಅಲ್ಲೇ ನಮ್ಮ ಆಗುಂಬೆಯಲ್ಲಿ. ಕಥೆಯ ಪುಟ್ಟ ನಾಯಕ ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿ ಅಂದರೆ ಮಾಸ್ಟರ್ ಮಂಜುನಾಥ್. ಎಲ್ಲ ನಮ್ಮವರೇ, ನಮ್ಮದೇ ಮಳೆ, ನಮ್ಮದೇ ಹೆಂಚಿನ ಮನೆ, ಆದರೆ ಮಾತಾಡುವುದು ಮಾತ್ರ ಹಿಂದಿ! ನಮಗೋ ಹಿಂದಿ ಒಂದಕ್ಷರ ಬಾರದು. ಎಲ್. ವೈದ್ಯನಾಥನ್ ಅವರ ರಾಗ ಶುರುವಾದರೆ, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಬಂದರೆ ಓಡಿ ಬರುತ್ತಿದ್ದೆವು, ಉಳಿದದ್ದನ್ನು ಊಹೆಯಲ್ಲಿ ನೋಡುತ್ತಿದ್ದೆವು. ಸ್ವಾಮಿಯ ಕಥೆಯ ಕೊನೆಯ ಕಂತಿನಲ್ಲಿ ಅವನ ಗೆಳೆಯ ರಾಜಂ ಊರು ಬಿಟ್ಟು ಹೊರಡುತ್ತಾನಲ್ಲ, ಆ ರೈಲ್ವೆ ಸ್ಟೇಷನ್ ತೋರಿಸಿದ ಹೊತ್ತಿಗೆ ಕರೆಂಟ್ ಹೋಯಿತು. ಮಲೆನಾಡಿನ ಮಳೆಗಾಲ, ಕರೆಂಟ್ ಬಂದದ್ದು ಮೂರನೇ ದಿನ.

ಈ ಸಲ ನಮ್ಮ ಮನೆಯಲ್ಲಿ ಹಿಂದಿ ಚೆನ್ನಾಗಿ ಬರುವುದು ಮಗಳಿಗೇ. ಅವಳು ಮಧ್ಯೆ ಮಧ್ಯೆ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಅಮ್ಮನಿಗೆ ಅದು ಬೇಕೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಕಥೆಯನ್ನಲ್ಲ, ಆಗುಂಬೆಯ ದೊಡ್ಡಮನೆಯನ್ನು. "ಆ ಕಂಬ ನೋಡು. ಹಲಸಿಂದೇ ಇರ್ಬೇಕು. ಎಂತಾ ಚಂದ ಇಟ್ಕೊಂಡಿದಾರೆ." ಮೂರು ಗಂಟೆ ಹೊತ್ತು ಕುರ್ಚಿ ಬಿಟ್ಟು ಅಲುಗಾಡಲಿಲ್ಲ. ಒಂದು ಕಂತು 20-22 ನಿಮಿಷ. ಬೋರು ಅನ್ನುವಷ್ಟರಲ್ಲಿ ಮುಗಿದಿರುತ್ತದೆ, ಇನ್ನೊಂದು ಹಾಕಿ ಅನ್ನುತ್ತಾರೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಈ ಅನುಕೂಲ ಇಲ್ಲ.

ಎಲ್ಲ ಕಂತೂ ಒಂದೇ ಮಟ್ಟದವಲ್ಲ. ಮಿಠಾಯಿ ಮಾರುವ ಜಗನ್ ಮತ್ತು ಅವನ ಮಗನ ಕಥೆ ಬಂದಾಗ ಇಬ್ಬರು ಮಕ್ಕಳೂ ಆಕಳಿಸಿದರು. ಅಮೆರಿಕಕ್ಕೆ ಹೋದ ಮಗ, ಕಥೆ ಬರೆಯುವ ಯಂತ್ರ ಮಾರುತ್ತೇನೆ ಅಂತ ವಾಪಸ್ ಬರುತ್ತಾನೆ. ಅಪ್ಪನಿಗೆ ಅವನ ಮಾತು ಅರ್ಥವಾಗುವುದಿಲ್ಲ, ಅರ್ಥವಾಗಲಿಲ್ಲ ಅಂತ ಹೇಳುವ ಧೈರ್ಯವೂ ಇಲ್ಲ. ಚಿಕ್ಕಂದಿನಲ್ಲಿ ನನಗೆ ಅದರಲ್ಲಿ ಕಂಡದ್ದು ಜಿಲೇಬಿ ಮಾತ್ರ. ಜಗನ್ ಆಗಿರುವುದು ಅನಂತ್ ನಾಗ್. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ, ಆದರೂ ಆ ಬಾಗಿದ ಭುಜ ನೋಡಬೇಕು. ಮೊದಲ ವಾರ ವಠಾರದಲ್ಲಿ ಕಿತಾಪತಿ ಮಾಡುತ್ತಿದ್ದ ಬ್ರಹ್ಮಚಾರಿ ಗಣೇಶನೂ ಇವರೇ ಅಂದಾಗ ಹುಡುಗ ನಂಬಲಿಲ್ಲ. ಎರಡೂ ಚಿತ್ರೀಕರಣಗೊಂಡದ್ದು ಕೆಲವೇ ವರ್ಷಗಳ ಅಂತರದಲ್ಲಿ.

ಐದು ವಾರದಲ್ಲಿ ನನಗೆ ಹೊಸದಾಗಿ ಏನಾದರೂ ಸಿಕ್ಕಿದ್ದು ಇದರಲ್ಲೇ. ಬಾಯಿಪಾಠ ಇದ್ದದ್ದನ್ನು ಮತ್ತೆ ನೋಡಿದಾಗ ನನಗೆ ನೆನಪೇ ವಾಪಸ್ ಸಿಕ್ಕಿತು, ಅಷ್ಟೇ. ಅರ್ಧಂಬರ್ಧ ನೋಡಿದ್ದು, ಭಾಷೆ ತಿಳಿಯದೆ ನೋಡಿದ್ದು, ಈಗ ಪೂರ್ತಿ ಸಿಕ್ಕಿತು. ಮತ್ತೆ ನೋಡಲು ಏನು ಆರಿಸಲಿ ಅಂತ ಯಾರಾದರೂ ಕೇಳಿದರೆ, ನಿಮಗೆ ಅತಿ ಇಷ್ಟವಾದದ್ದನ್ನು ಪಕ್ಕಕ್ಕಿಡಿ, ಕಥೆ ಏನು ಅಂತ ಮರೆತಿರುವುದನ್ನು ಮೊದಲು ಹಾಕಿ ಅಂತ ಹೇಳುತ್ತೇನೆ.

ಶಂಕರ್ ನಾಗ್ ಹೆಸರು ತೆರೆಯ ಮೇಲೆ ಬಂದಾಗಲೆಲ್ಲ ಅಮ್ಮ ಚ್ ಅನ್ನುತ್ತಾರೆ. ಅವರು ಅಪಘಾತದಲ್ಲಿ ತೀರಿಕೊಂಡ ಆನಗೋಡು ಇಲ್ಲೇ ನಮ್ಮ ದಾವಣಗೆರೆಯ ಪಕ್ಕದಲ್ಲಿದೆ. 1990ರ ಸೆಪ್ಟೆಂಬರ್ 30. ಇನ್ನೂ 36 ತುಂಬಿರಲಿಲ್ಲ. ಹೈವೇಯಲ್ಲಿ ಆ ಕಡೆ ಹೋದಾಗಲೂ ಅಮ್ಮನದು ಅದೇ ಚ್.

ಕೊನೆಗೆ ಆ ಸ್ಟೇಷನ್ ಬಂತು. ಅದು ಅರಸಾಳು. ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಮ್ಮೇ ಇದೆ. ಮ್ಯಾಚಿನ ದಿನ ಕೈಕೊಟ್ಟ ಸ್ವಾಮಿಯ ಮೇಲೆ ರಾಜಂಗೆ ಸಿಟ್ಟು, ಮಾತು ಬಿಟ್ಟಿದ್ದಾನೆ. ರೈಲು ಹೊರಟಿತು. ನಮ್ಮನೆಯಲ್ಲಿ ಈ ಸಲ ಕರೆಂಟ್ ಇತ್ತು. ಮಗಳು ಕೇಳಿದಳು, "ಅಪ್ಪ, ರಾಜಂ ಅವನಿಗೆ ಲೆಟರ್ ಬರೀತಾನಾ?"

ಪುಸ್ತಕದಲ್ಲಿ ಇರಬಹುದು ಅಂತ ಕಪಾಟಿನಿಂದ ಆರ್.ಕೆ. ನಾರಾಯಣ್ ಅವರ 1935ರ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ತೆಗೆದು ಕೊನೆಯ ಪುಟ ಓದಿ ಹೇಳಿದೆ. ಅಲ್ಲಿ ಸ್ವಾಮಿಯೂ ಇದನ್ನೇ ಕೇಳುತ್ತಾನೆ. ನನ್ನ ವಿಳಾಸವೇ ಅವನಿಗೆ ಗೊತ್ತಿಲ್ಲವಲ್ಲ ಅನ್ನುತ್ತಾನೆ. ನಾನು ಕೊಟ್ಟಿದ್ದೇನೆ ಅನ್ನುತ್ತಾನೆ ಇನ್ನೊಬ್ಬ ಗೆಳೆಯ ಮಣಿ. ನಿಜವೋ ತಮಾಷೆಯೋ ಅಂತ ಸ್ವಾಮಿ ಅವನ ಮುಖ ನೋಡುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು.

"ಸುಳ್ಳು ಹೇಳಿರ್ತಾನೆ," ಅಂದ ಅಕ್ಕನ ಮಗ.

"ಇಲ್ಲ, ಕೊಟ್ಟಿರ್ತಾನೆ. ಮಣಿ ಅಂಥೋನಲ್ಲ," ಅಂದರು ಅಮ್ಮ. ಹಿಂದಿ ಒಂದಕ್ಷರ ಬಾರದವರು. ಮಗಳು ಅಜ್ಜಿಯ ಪಕ್ಷ. ಅನ್ನ ತಣ್ಣಗಾಗುತ್ತದೆ ಅಂತ ನನ್ನವಳು ಎರಡು ಸಲ ಕೂಗಿದರೂ ಯಾರೂ ಏಳಲಿಲ್ಲ.